ಹೊಸ ಹೆದ್ದಾರಿ ಬರಲಿ, ಹಳೆಯ ದಾರಿಗೆ ದಿಕ್ಕು ಯಾರು?

ರಾಯಚೂರಿನಿಂದ ಹೊರಟು ಲಿಂಗಸುಗೂರು, ಮುದಗಲ್ಲು, ಹುನಗುಂದ, ಅಮೀನಗಡ, ಬಾಗಲಕೋಟೆ, ಕಲಾದಗಿ, ಲೋಕಾಪುರ, ಯರಗಟ್ಟಿಗಳನ್ನು ಹಾಯ್ದು ಬೆಳಗಾವಿ ಮುಟ್ಟುವ ರಸ್ತೆಯನ್ನು ನಮ್ಮ ಓದುಗರಿಗೆ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಲೋಕೋಪಯೋಗಿ ಇಲಾಖೆಯ ದಫ್ತರದಲ್ಲಿ ಅದು ರಾಯಚೂರು–ಬಾಚಿ ರಸ್ತೆ, 20ನೇ ರಾಜ್ಯ ಹೆದ್ದಾರಿ. ಆಮೇಲೆ ಅದಕ್ಕೆ 748ಎ ಎಂಬ ರಾಷ್ಟ್ರೀಯ ನಂಬರೂ ಬಂತು. ನಂಬರು ಬದಲಾದ ಮಾತ್ರಕ್ಕೆ ರಸ್ತೆಯ ಮೇಲಿನ ಜನ ಬದಲಾಗಲಿಲ್ಲ.

ರಾಯಚೂರಿನ ಜಿನ್ನಿಂಗ್ ಗಿರಣಿಗಳ ಹತ್ತಿ, ಇಳಕಲ್ಲಿನಿಂದ ಹುನಗುಂದಕ್ಕೆ ಬಂದು ಲಾರಿ ಹತ್ತುವ ಸೀರೆಯ ಗಂಟು, ಕಲಾದಗಿಯ ದಾಳಿಂಬೆ, ಲೋಕಾಪುರ ಕಡೆಯ ಸಿಮೆಂಟು, ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರು, ಎಲ್ಲವೂ ಇದರ ಮೇಲೆಯೇ. ಅಮೀನಗಡದಲ್ಲಿ ಬಸ್ಸು ನಿಂತರೆ ಕರದಂಟು ಕೊಳ್ಳದೆ ಇಳಿದವನು ಹತ್ತುವುದಿಲ್ಲ.

1956ರ ನವೆಂಬರ್ 1ಕ್ಕೆ ಮೊದಲು ಈ ದಾರಿ ಎರಡು ರಾಜ್ಯಗಳದ್ದಾಗಿತ್ತು. ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿಯಲ್ಲಿ. ಮುದಗಲ್ಲು, ಲಿಂಗಸುಗೂರು ಹೈದರಾಬಾದಿನಲ್ಲಿ. ನಿಜಾಮನ ಕಾಲದಲ್ಲಿ ಗಡಿ ದಾಟುವ ಸರಕಿಗೆ ಸುಂಕ ತೆರಬೇಕಿತ್ತು. ಏಕೀಕರಣವು ಆ ಗಡಿಯನ್ನು ಅಳಿಸಿತು. ಈಗ ಸುಂಕದ ಕಟ್ಟೆ ಟೋಲ್ ಎಂಬ ಹೊಸ ಹೆಸರಿನಲ್ಲಿ ಮರಳಿ ಬರುತ್ತಲಿದೆ.

ಪಣಜಿ–ಹೈದರಾಬಾದ್ ಕಾರಿಡಾರಿನ ಅಂಗವಾಗಿ ಬೆಳಗಾವಿ–ಹುನಗುಂದ–ರಾಯಚೂರು ನಡುವೆ ನಾಲ್ಕು ಪಥದ ಹೆದ್ದಾರಿಯನ್ನು ಸರ್ಕಾರ ಕೈಗೊಂಡಿದೆ. ಅದು ಹೆಚ್ಚಾಗಿ ಹೊಲಗಳ ನಡುವೆ ಹೊಸದಾಗಿ ಹಾಸುವ ರಸ್ತೆ. ಊರೊಳಗೆ ನುಗ್ಗುವ ರಸ್ತೆಯಲ್ಲ. ನಾವು ರಸ್ತೆಯ ವಿರೋಧಿಗಳಲ್ಲ. ಸರಕು ಬೇಗ ಮುಟ್ಟಿದರೆ ನೇಕಾರನಿಗೂ ಒಳ್ಳೆಯದೇ. ಆದರೆ ಹೊಲ ಕಳೆದುಕೊಂಡವನಿಗೆ ಕಾಯಿದೆಯ ಪ್ರಕಾರ ಪರಿಹಾರವುಂಟು. ಹಳೆಯ ರಸ್ತೆಯ ಬದಿಯಲ್ಲಿ ಚಹಾದ ಅಂಗಡಿ, ಪಂಕ್ಚರ್ ಅಂಗಡಿ, ಖಾನಾವಳಿ ಇಟ್ಟುಕೊಂಡವನ ಒಂದು ಗೇಣು ಜಾಗವನ್ನೂ ಯಾರೂ ಕಸಿಯುವುದಿಲ್ಲ. ಗಿರಾಕಿಯನ್ನು ಮಾತ್ರ ಕಸಿಯುತ್ತಾರೆ. ಅದಕ್ಕೆ ಯಾವ ಕಾಯಿದೆಯಲ್ಲೂ ಬೆಲೆಯಿಲ್ಲ!

ಇದು ಊಹೆಯ ಮಾತಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಉದ್ಘಾಟಿಸಿದರು. ಕಾರುಗಳು ಊರ ಹೊರಗಿನಿಂದಲೇ ಹಾರಿಹೋದವು. ಚನ್ನಪಟ್ಟಣದ ಗೊಂಬೆ ಅಂಗಡಿಯವರೂ ಮದ್ದೂರಿನ ವಡೆ ಹೋಟೆಲಿನವರೂ ಗಿರಾಕಿಯ ದಾರಿ ಕಾಯುತ್ತ ಕುಳಿತರು. ಅದೇ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವೇ ಇಲ್ಲವೆಂದಾಯಿತು. ವೇಗದ ದೃಷ್ಟಿಯಿಂದ, ಅಪಘಾತದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ನಾಳೆ ನಮ್ಮಲ್ಲೂ ಅದೇ ನಿಯಮ ಬಂದರೆ ಬೈಕಿನಲ್ಲಿ ಪಾಳಿಗೆ ಹೋಗುವ ಕಾರ್ಮಿಕನಿಗೂ ಕಬ್ಬಿನ ಗಾಡಿಗೂ ಉಳಿಯುವುದು ಹಳೆಯ ರಸ್ತೆಯೊಂದೇ.

ಹಾಗಾದರೆ ಆ ಹಳೆಯ ರಸ್ತೆಯ ಗುಂಡಿ ಮುಚ್ಚುವವರು ಯಾರು? ಹೆದ್ದಾರಿ ಹೊಸ ಜಾಗಕ್ಕೆ ಸರಿದಾಗ ಹಳೆಯ ತುಂಡನ್ನು ಒಮ್ಮೆ ದುರಸ್ತಿ ಮಾಡಿ ರಾಜ್ಯದ ಕೈಗೆ ಒಪ್ಪಿಸುವುದು ಕೇಂದ್ರದ ರೂಢಿ. ರಾಜ್ಯವೋ ಹಣವಿಲ್ಲವೆಂದು ಕೈ ತಿರುವುತ್ತದೆ. ಹಣವಿಲ್ಲವೆ? ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇಕಡಾ 14.34ರಿಂದ 18.44ಕ್ಕೂ, 2025ರ ಏಪ್ರಿಲ್‌ನಲ್ಲಿ 21.17ಕ್ಕೂ ಏರಿಸಿದವರು ಯಾರು? 2025ರ ಜನವರಿಯಲ್ಲಿ ಬಸ್ ದರವನ್ನು ಶೇಕಡಾ 15 ಹೆಚ್ಚಿಸಿದವರು ಯಾರು? ಕೇಂದ್ರವು ಡೀಸೆಲ್ ಮೇಲೆ ರಸ್ತೆಯ ಹೆಸರಿನಲ್ಲೇ ಬೇರೆ ಸೆಸ್ ಎತ್ತುತ್ತದೆ. ಸಂತೆಗೆ ಟೆಂಪೋ ಬಾಡಿಗೆ ಹಿಡಿಯುವ ಉಳ್ಳಾಗಡ್ಡಿ ವ್ಯಾಪಾರಿ ಈ ಎಲ್ಲ ಬಾಬುಗಳನ್ನೂ ತೆತ್ತಾಗಿದೆ. ರಸ್ತೆಯ ಬೆಲೆ ಕೊಟ್ಟವನಿಗೆ ರಸ್ತೆಯೇ ಇಲ್ಲವೆಂದರೆ ಇದೆಂಥ ಲೆಕ್ಕ?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ಹಿರಿಯರು ಬಲ್ಲರು. ಆದುದರಿಂದ ಟೋಲ್ ಕಟ್ಟೆ ಏಳುವ ಮೊದಲೇ ಕೇಳಬೇಕು. ಹಳೆಯ ರಸ್ತೆಯ ವಾರ್ಷಿಕ ದುರಸ್ತಿಗೆ ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬು ಇಡಬೇಕು. ಸಾರಿಗೆ ಬಸ್ಸುಗಳು ಈಗಿನಂತೆ ಊರೊಳಗಿನಿಂದಲೇ ಓಡಬೇಕು. ಪ್ರತಿ ತಾಲ್ಲೂಕು ಊರಿಗೂ ಹೊಸ ಹೆದ್ದಾರಿಯಿಂದ ಇಳಿದಾರಿ ಬೇಕು. ಇಷ್ಟನ್ನು ಮಂತ್ರಿಗಳು ಭಾಷಣದಲ್ಲಿ ಹೇಳಿದರೆ ಸಾಲದು, ಆದೇಶ ಹೊರಡಿಸಲಿ. ಅದರ ಪ್ರತಿ ಕೈಗೆ ಬಂದ ವಾರವೇ ನಾವು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.