ತಾನಾಗಿ ಬಂದ ಜಟೆ, ಕಟ್ಟಿಕೊಂಡ ಜಟೆ

ಜತ್ತ, ಅಕ್ಕಲಕೋಟ ಸೀಮೆಯ ಕೆಲವು ಮನೆಗಳಲ್ಲಿ ಹೆಣ್ಣುಮಗುವಿನ ಕೂದಲು ಬಿಡಿಸಲಾಗದಂತೆ ಗಂಟುಬಿದ್ದರೆ ಹಿರಿಯರು ಇಂದಿಗೂ ಮೊದಲು ಕೇಳುವ ಪ್ರಶ್ನೆ ಒಂದೇ: ಇದು ತಾನಾಗಿ ಬಂದದ್ದೋ, ಆರೈಕೆಯಿಲ್ಲದೆ ಆದದ್ದೋ? ತಾನಾಗಿ ಬಂದದ್ದೆಂದು ತೀರ್ಮಾನವಾದರೆ ಅದು ಗಂಟಾಗಿ ಉಳಿಯುವುದಿಲ್ಲ, ‘ಜಡಿ’ ಎನಿಸಿಕೊಳ್ಳುತ್ತದೆ. ಮರಾಠಿ ಮಾತನಾಡುವ ನೆರೆಯವರು ಅದನ್ನೇ ‘ಜಟ್’ ಎನ್ನುತ್ತಾರೆ. ಆಮೇಲೆ ಬಾಚಣಿಗೆ ತಾಗಿಸುವಂತಿಲ್ಲ, ಕತ್ತರಿ ಮುಟ್ಟಿಸುವಂತಿಲ್ಲ. ಭಂಡಾರ ಹಚ್ಚಿ ಪೂಜಿಸಬೇಕು. ಸವದತ್ತಿಯ ಎಲ್ಲಮ್ಮ ಆ ಮಗುವನ್ನು ಕರೆದಿದ್ದಾಳೆಂದೂ, ದೇವಿಗೆ ಬಿಡದಿದ್ದರೆ ಮನೆತನಕ್ಕೆ ಕೇಡೆಂದೂ ಹೇಳುವವರು ಸಾಲುಗಟ್ಟಿ ಬರುತ್ತಾರೆ. ರಾಜನ್ ಗವಸ್ ಅವರ ಕಾದಂಬರಿಗಳನ್ನು ಆಧರಿಸಿ 2009ರಲ್ಲಿ ತೆರೆಕಂಡ ‘ಜೋಗವಾ’ ಎಂಬ ಮರಾಠಿ ಚಲನಚಿತ್ರ ಇಂತಹ ಒಬ್ಬ ಹುಡುಗಿಯ ಬದುಕನ್ನೇ ಚಿತ್ರಿಸಿತ್ತು.

ಈ ನಂಬಿಕೆಯ ಬುಡದಲ್ಲಿ ಒಂದು ವಿಂಗಡಣೆಯಿದೆ. ಮನುಷ್ಯನ ಕೈ ಸೋಕದೆ ಆದದ್ದು ದೈವದ್ದು, ಕೈಯಿಂದ ಮಾಡಿದ್ದು ಮನುಷ್ಯನದು. ಒಬ್ಬ ಹುಡುಗಿಯ ಶಾಲೆ, ಮದುವೆ, ಮುಂದಿನ ಬಾಳು ಎಲ್ಲವೂ ಈ ವಿಂಗಡಣೆಯ ಮೇಲೆ ನಿಂತಿರುವಾಗ ಅದು ಎಷ್ಟು ಗಟ್ಟಿಯೆಂದು ಪರೀಕ್ಷಿಸುವುದು ದೇವಿಯ ನಿಂದೆಯಲ್ಲ, ಪಾಲಕರ ಕರ್ತವ್ಯ.

ಮೊದಲು ತಾನಾಗಿ ಬರುವ ಜಟೆಯನ್ನು ನೋಡಬೇಕು. ಕಣ್ಣಿಗೆ ನುಣುಪಾಗಿ ಕಾಣುವ ಕೂದಲಿನ ಎಳೆ ನಿಜವಾಗಿ ನುಣುಪಲ್ಲ. ಮಾಡಿಗೆ ಹೊದಿಸಿದ ಹೆಂಚುಗಳಂತೆ ಅದರ ಮೇಲೆ ಅತಿಸೂಕ್ಷ್ಮವಾದ ಪದರಗಳು ಒಂದರ ಮೇಲೊಂದು ಕುಳಿತಿರುತ್ತವೆ. ಎಳೆಗೆ ಎಳೆ ತಿಕ್ಕಿದಾಗ ಈ ಪದರಗಳ ಅಂಚುಗಳು ಒಂದನ್ನೊಂದು ಹಿಡಿಯುತ್ತವೆ. ಕುರಿಯ ಉಣ್ಣೆಯನ್ನು ನೀರಿನಲ್ಲಿ ನೆನೆಸಿ ಒತ್ತಿ ತಿಕ್ಕಿದರೆ ಅದು ಬಿಡಿಸಲಾಗದ ಹಾಳೆಯಂತಾಗುವುದು ಇದೇ ಕಾರಣದಿಂದ. ಮನುಷ್ಯನ ತಲೆಯಿಂದ ದಿನಕ್ಕೆ ಸುಮಾರು 50ರಿಂದ 100 ಕೂದಲುಗಳು ಸಹಜವಾಗಿ ಉದುರುತ್ತವೆ. ಬಾಚಿಕೊಳ್ಳುವವರಲ್ಲಿ ಅವು ಬಾಚಣಿಗೆಗೆ ಬರುತ್ತವೆ. ಬಾಚದವರಲ್ಲಿ ಅವು ಉಳಿದ ಕೂದಲಿನೊಳಗೇ ಸಿಕ್ಕಿಕೊಂಡು ದಾರದಂತೆ ಸುತ್ತಿ ಬಿಗಿಯುತ್ತವೆ. ಜಿಡ್ಡು, ಧೂಳು, ಬೆವರು ಸೇರಿ ಅಂಟು ಹೆಚ್ಚುತ್ತದೆ. ದಿಂಬಿಗೆ ತಿಕ್ಕುವ ಹಿಂದಲೆಯಲ್ಲಿ ಗಂಟು ಬೇಗ ಕಟ್ಟುವುದು ಇದರಿಂದಲೇ. ಗುಂಗುರು ಕೂದಲಾದರೆ ಕೆಲವು ವಾರಗಳು ಸಾಕು, ನೇರ ಕೂದಲಾದರೆ ತಿಂಗಳುಗಳು ಬೇಕು. ದೀರ್ಘಕಾಲದ ಜ್ವರ, ಬಾಣಂತನ, ಮನಸ್ಸಿನ ಬೇನೆ, ಹೇನಿನ ಕಾಟ, ತಾಯಿಗೆ ಕೂಲಿಯಿಂದ ಬಿಡುವಿಲ್ಲದ ಹಂಗಾಮು, ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಬಾಚಣಿಗೆ ತಪ್ಪುತ್ತದೆ, ಗಂಟು ಬೀಳುತ್ತದೆ.

ಇಲ್ಲಿಯವರೆಗಿನದು ಕೂದಲಿನ ಸ್ವಭಾವ. ಮುಂದಿನದು ಮನೆಯವರ ಭಯ. ನಾಲ್ಕು ಎಳೆ ಗಂಟಾದ ದಿನ ಎಣ್ಣೆ ಹಚ್ಚಿ ಬಿಡಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಭಯದಿಂದ ಬಾಚಣಿಗೆ ನಿಲ್ಲುತ್ತದೆ, ತಲೆಸ್ನಾನ ಅಪರೂಪವಾಗುತ್ತದೆ, ಎಣ್ಣೆ ಮತ್ತು ಅರಿಸಿನದ ಪುಡಿ ಪದರ ಪದರವಾಗಿ ಕೂಡುತ್ತವೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತ ಹೋಗಿ, ವರ್ಷ ತುಂಬುವುದರೊಳಗೆ ಗಂಟು ಹಗ್ಗವಾಗುತ್ತದೆ. ಆಗ ಅದರ ಗಾತ್ರವನ್ನೇ ದೈವದ ಸಾಕ್ಷಿಯೆಂದು ತೋರಿಸಲಾಗುತ್ತದೆ. ತಾನಾಗಿ ಬಂತೆನ್ನುವ ಜಟೆಯನ್ನು ಹೀಗೆ ಬೆಳೆಸಿದ್ದು ಮನೆಯವರ ಕೈಯೇ.

ಇನ್ನು ಕಟ್ಟಿಕೊಂಡ ಜಟೆ. ಇದಕ್ಕೆ ದೂರ ಹೋಗಬೇಕಾಗಿಲ್ಲ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಗಂಗೆಯ ದಡದಲ್ಲಿ ರಾಮನು ಗುಹನಿಂದ ಆಲದ ಹಾಲನ್ನು ತರಿಸಿಕೊಂಡು ತನಗೂ ಲಕ್ಷ್ಮಣನಿಗೂ ಜಟೆ ಕಟ್ಟಿದನು. ಕೂದಲು ಗಂಟಾಗುವ ತನಕ ಅವನು ಕಾಯಲಿಲ್ಲ. ಅಂಟು ತಂದು ಕೈಯಾರೆ ಕಟ್ಟಿಕೊಂಡನು. ಅದು ವನವಾಸದ ವ್ರತದ ಗುರುತಾಗಿತ್ತು. ಯುದ್ಧಕಾಂಡದ ಕೊನೆಯಲ್ಲಿ ವ್ರತ ಮುಗಿದಾಗ ಕ್ಷೌರಿಕರು ಬಂದರು, ಜಟೆಯನ್ನು ಶೋಧಿಸಿ ತೆಗೆದ ಮೇಲೆ ರಾಮನು ಮಿಂದು ಪಟ್ಟಾಭಿಷೇಕಕ್ಕೆ ಸಿದ್ಧನಾದನು. ಜಟೆ ತೆಗೆದರೆ ಕೇಡೆಂದು ಅಂಜುವ ಮನೆಯ ಹಿರಿಯರಿಗೆ ಈ ಪ್ರಸಂಗವನ್ನು ನೆನಪಿಸುವುದರಲ್ಲಿ ಯಾವ ಅವಿಧೇಯತೆಯೂ ಇಲ್ಲ.

ಜಗತ್ತಿನ ಬೇರೆಡೆ ಜಟೆ ಕಟ್ಟುವುದು ಒಂದು ಕಸುಬೇ ಆಗಿದೆ. 1930ರ ದಶಕದಲ್ಲಿ ಜಮೈಕಾದಲ್ಲಿ ಹುಟ್ಟಿದ ರಾಸ್ತಫಾರಿ ಪಂಥದವರು ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಆರಾಧಿಸಿದರು. ಕೂದಲು ಕತ್ತರಿಸದಿರುವ, ಬಾಚದಿರುವ ವ್ರತ ಅವರಲ್ಲಿ ಕ್ರಮೇಣ ನೆಲೆಗೊಂಡಿತು. ಹಾಡುಗಾರ ಬಾಬ್ ಮಾರ್ಲಿಯಿಂದಾಗಿ ಆ ಜಟೆ ‘ಡ್ರೆಡ್‌ಲಾಕ್ಸ್’ ಎಂಬ ಹೆಸರಿನಲ್ಲಿ ಲೋಕಕ್ಕೆಲ್ಲ ಪರಿಚಿತವಾಯಿತು. ಅದನ್ನು ಬೆಳೆಸುವ ದಾರಿಗಳು ಎರಡು. ಒಂದು ಸಹಜ ಮಾರ್ಗ: ತೊಳೆಯುತ್ತ, ಬಾಚದೆ, ಕೂದಲನ್ನು ಅದರ ಪಾಡಿಗೆ ಬಿಡುವುದು. ಇನ್ನೊಂದು ಕೈಗಾರಿಕೆಯ ಮಾರ್ಗ: ಕೂದಲನ್ನು ಚೌಕಗಳಾಗಿ ವಿಂಗಡಿಸಿ, ತುದಿಯಿಂದ ಬುಡದ ಕಡೆಗೆ ಹಿಮ್ಮುಖವಾಗಿ ಬಾಚಿ ಒತ್ತೊತ್ತಾಗಿಸುವುದು, ಎರಡು ಎಳೆ ಮಾಡಿ ಹುರಿಗೊಳಿಸುವುದು, ಕ್ರೋಶಾ ಕಡ್ಡಿಯಿಂದ ಬಿಡಿ ಎಳೆಗಳನ್ನು ಒಳಕ್ಕೆ ಸೇರಿಸುವುದು, ಜೇನುಮೇಣ ಸವರಿ ಅಂಗೈಗಳ ನಡುವೆ ಉರುಳಿಸುವುದು. ಕ್ರೋಶಾ ಕಡ್ಡಿಯಿಂದ ಒಂದೇ ದಿನದಲ್ಲಿ ಜಟೆಯ ರೂಪ ಬರುತ್ತದೆ. ಸಹಜ ಮಾರ್ಗದಲ್ಲಿ ಒಂದೆರಡು ವರ್ಷ ಹಿಡಿಯಬಹುದು.

ಎರಡಕ್ಕೂ ಅದರದರ ತೊಡಕುಗಳಿವೆ. ಮೇಣ ಒಳಗೆ ಉಳಿದರೆ ತೊಳೆದರೂ ಹೋಗುವುದಿಲ್ಲ, ಕೊಳೆಯನ್ನು ಹಿಡಿದಿಡುತ್ತದೆ. ಬುಡವನ್ನು ಬಿಗಿಯಾಗಿ ಹುರಿಗೊಳಿಸಿದರೆ ಎಳೆತಕ್ಕೆ ಕೂದಲು ಉದುರಿ ಬೋಳು ಬೀಳುತ್ತದೆ. ಸಹಜ ಮಾರ್ಗದಲ್ಲಿಯೂ ಕೈ ಸುಮ್ಮನಿರುವಂತಿಲ್ಲ: ಅಕ್ಕಪಕ್ಕದ ಜಟೆಗಳನ್ನು ಬುಡದಲ್ಲಿ ಆಗಾಗ ಬೇರೆ ಮಾಡದಿದ್ದರೆ ಎಲ್ಲವೂ ಕೂಡಿ ಒಂದೇ ಹಲಗೆಯಾಗುತ್ತದೆ, ತೊಳೆದು ಚೆನ್ನಾಗಿ ಒಣಗಿಸದಿದ್ದರೆ ಒಳಗೆ ಮುಗ್ಗಲು ಹಿಡಿಯುತ್ತದೆ. ಎರಡು ವರ್ಷ ಕಳೆದ ಮೇಲೆ ಯಾವುದು ಸಹಜ, ಯಾವುದು ಕಟ್ಟಿದ್ದು ಎಂದು ನೋಡಿ ಹೇಳುವುದು ಕಷ್ಟ. ಎರಡರಲ್ಲಿಯೂ ಕೆಲಸ ಮಾಡಿದ್ದು ಅದೇ ಪದರ, ಅದೇ ತಿಕ್ಕಾಟ, ಅದೇ ಉದುರಿದ ಕೂದಲು. ವ್ಯತ್ಯಾಸವಿರುವುದು ಹಿಡಿದ ಕಾಲದಲ್ಲಿ ಮತ್ತು ಓರಣದಲ್ಲಿ ಮಾತ್ರ.

ಜಟೆಗೆ ಅಂಜಿದವರು ಭಾರತೀಯರು ಮಾತ್ರವಲ್ಲ. ಪೋಲೆಂಡಿನ ಹಳ್ಳಿಗರು ಶತಮಾನಗಳ ಕಾಲ ಗಂಟುಗೂದಲನ್ನು ಕತ್ತರಿಸಲು ಹೆದರುತ್ತಿದ್ದರು. ಮೈಯೊಳಗಿನ ಬೇನೆ ಆ ಗಂಟಿನ ಮೂಲಕ ಹೊರಬರುತ್ತಿದೆಯೆಂದೂ, ಅದನ್ನು ಕಡಿದರೆ ಕುರುಡು ಅಥವಾ ಹುಚ್ಚು ಹಿಡಿಯುವುದೆಂದೂ ನಂಬಿಕೆಯಿತ್ತು. 19ನೆಯ ಶತಮಾನದಲ್ಲಿ ಕ್ರಾಕೋವ್ ನಗರದ ವೈದ್ಯ ಯೂಜೆಫ್ ದೀತ್ಲ್ ಇದನ್ನು ಅಭ್ಯಸಿಸಿ, ಇದು ರೋಗವಲ್ಲ, ಶುಚಿತ್ವದ ಕೊರತೆಯೆಂದು ಪ್ರಚಾರ ಮಾಡಿದರು. ಕತ್ತರಿಸಿಕೊಂಡವರಿಗೆ ಏನೂ ಆಗಲಿಲ್ಲವೆಂಬುದನ್ನು ಕಂಡ ಮೇಲೆ ಜನರ ಅಂಜಿಕೆ ಕರಗಿತು. ಮಹಾರಾಷ್ಟ್ರದಲ್ಲಿ ಡಾ. ನರೇಂದ್ರ ದಾಭೋಳ್ಕರ್ ಸ್ಥಾಪಿಸಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಇದೇ ದಾರಿಯಲ್ಲಿ ನಡೆದಿದ್ದಾರೆ. ಮನೆಯವರೊಡನೆ ಕುಳಿತು ಮಾತನಾಡಿ, ಒಪ್ಪಿಗೆ ಪಡೆದು, ಆಮೇಲೆ ಕತ್ತರಿ ಹಿಡಿಯುವ ಕ್ರಮದಿಂದ ಅವರು ನೂರಾರು ಹೆಂಗಸರ ಜಟೆ ತೆಗೆದಿದ್ದಾರೆ.

ಸಹಜ ಮತ್ತು ಕೃತಕ ಎಂಬ ಈ ವಿಂಗಡಣೆ ನ್ಯಾಯಾಲಯಗಳನ್ನೂ ಕಾಡಿದೆ. ಅಮೆರಿಕದ ಆಲಬಾಮಾ ರಾಜ್ಯದಲ್ಲಿ 2010ರಲ್ಲಿ ಕಪ್ಪು ಜನಾಂಗದ ಮಹಿಳೆಯೊಬ್ಬರಿಗೆ ದೊರೆತಿದ್ದ ನೌಕರಿ, ಜಟೆ ಕತ್ತರಿಸಲು ಒಪ್ಪದ್ದರಿಂದ ಕೈತಪ್ಪಿತು. 2016ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವು ಆಕೆಯ ಪರವಾದ ದಾವೆಯನ್ನು ಒಪ್ಪಲಿಲ್ಲ. ಹುಟ್ಟಿನಿಂದ ಬಂದ ಕೂದಲಿನ ಗುಣಕ್ಕೆ ಜನಾಂಗಭೇದ ವಿರೋಧಿ ಕಾನೂನಿನ ರಕ್ಷಣೆಯುಂಟು, ಆದರೆ ಜಟೆ ಬದಲಿಸಬಹುದಾದ ಶೈಲಿ, ಅದಕ್ಕಿಲ್ಲ ಎಂಬುದು ತೀರ್ಪಿನ ಸಾರ. ಈ ತರ್ಕ ಬಹಳ ಜನರಿಗೆ ಹಿಡಿಸಲಿಲ್ಲ. ಗುಂಗುರು ಕೂದಲು ಬಾಚದೆ ಬಿಟ್ಟರೆ ಜಟೆಯಾಗುವುದು ಅದರ ಹುಟ್ಟುಗುಣವೇ ಆಗಿರುವಾಗ, ಗುಣಕ್ಕೂ ಶೈಲಿಗೂ ನಡುವೆ ಗೆರೆ ಎಳೆಯುವುದೆಲ್ಲಿ? 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಹೊಸ ಕಾಯ್ದೆ ತಂದು, ಜಡೆ, ಹುರಿ, ಜಟೆಗಳನ್ನೂ ಜನಾಂಗದ ಲಕ್ಷಣಗಳಲ್ಲಿ ಸೇರಿಸಿ ರಕ್ಷಿಸಿತು. ಅನೇಕ ರಾಜ್ಯಗಳು ಅದನ್ನು ಅನುಸರಿಸಿದವು.

ದಕ್ಷಿಣ ಆಫ್ರಿಕಾದ ಪ್ರಕರಣ ಶಾಲೆಯ ಪಾಲಕರಿಗೆ ಇನ್ನೂ ಹತ್ತಿರದ್ದು. ಕೇಪ್ ಪ್ರಾಂತದ ಪ್ರೌಢಶಾಲೆಯೊಂದು ರಾಸ್ತಫಾರಿ ಪಂಥ ಹಿಡಿದ ಹತ್ತನೆಯ ತರಗತಿಯ ವಿದ್ಯಾರ್ಥಿನಿಯನ್ನು, ಜಟೆ ಬಿಟ್ಟು ಟೋಪಿ ಧರಿಸಿ ಬಂದಳೆಂಬ ಕಾರಣಕ್ಕೆ ಐದು ದಿನ ಅಮಾನತಿನಲ್ಲಿಟ್ಟಿತು. 2002ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಮಾಡಿತು. ಶಿಸ್ತಿನ ನಿಯಮವನ್ನು ಮಗುವಿನ ಘನತೆ, ಅಭಿವ್ಯಕ್ತಿಗಳ ಹಕ್ಕಿನೊಡನೆ ತೂಗಿ ನೋಡಬೇಕೇ ಹೊರತು, ನಿಯಮದ ಅಕ್ಷರ ಹಿಡಿದು ಗಂಭೀರ ದುರ್ನಡತೆಯೆಂದು ಹೊರಹಾಕಬಾರದು ಎಂಬ ಪಾಠ ಅದರಿಂದ ದೊರೆಯಿತು.

ಈ ನೆಲದ ಕಾನೂನು ಏನು ಹೇಳುತ್ತದೆ? ಜಟೆ ತಾನಾಗಿ ಬಂದದ್ದೇ, ಕಟ್ಟಿದ್ದೇ ಎಂದು ಅದು ಕೇಳುವುದೇ ಇಲ್ಲ. ಅದು ಕೇಳುವುದು, ಆ ಜಟೆಯ ನೆಪದಲ್ಲಿ ಹೆಣ್ಣಿಗೆ ಏನು ಮಾಡಲಾಯಿತು ಎಂಬುದನ್ನು. ಮುಂಬಯಿ ಪ್ರಾಂತದ 1934ರ ದೇವದಾಸಿ ರಕ್ಷಣಾ ಕಾಯ್ದೆಯಿಂದ ಮೊದಲಾಗಿ, ಕರ್ನಾಟಕದ 1982ರ ಕಾಯ್ದೆ, ಮಹಾರಾಷ್ಟ್ರದ 2005ರ ದೇವದಾಸಿ ಪದ್ಧತಿ ನಿರ್ಮೂಲನ ಕಾಯ್ದೆ, ಇವೆಲ್ಲವೂ ಹೆಣ್ಣನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿದವು. ಹೆಣ್ಣಿನ ಒಪ್ಪಿಗೆಯಿತ್ತೆಂಬುದು ರಕ್ಷಣೆಯಾಗದು. ಕರ್ನಾಟಕದ 1982ರ ಕಾಯ್ದೆಯಂತೂ ಬಿಟ್ಟವರು ತಂದೆತಾಯಿ ಅಥವಾ ಬಂಧುಗಳಾಗಿದ್ದರೆ ಶಿಕ್ಷೆಯನ್ನು ಹೆಚ್ಚಿಸಿ, 2 ವರ್ಷಕ್ಕೆ ಕಡಿಮೆಯಿಲ್ಲದ, 5 ವರ್ಷದವರೆಗಿನ ಸೆರೆವಾಸವನ್ನು ಗೊತ್ತುಪಡಿಸಿತು. ಮುತ್ತು ಕಟ್ಟಿಸಿಕೊಂಡ ಹೆಣ್ಣಿಗೂ ಮದುವೆಯಾಗುವ ಹಕ್ಕು ಉಂಟೆಂದು ಅದೇ ಕಾಯ್ದೆ ಸ್ಪಷ್ಟಪಡಿಸಿತು. ದಾಭೋಳ್ಕರ್ ಅವರು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಹತ್ಯೆಯಾದ ಬಳಿಕ ಅದೇ ವರ್ಷ ಮಹಾರಾಷ್ಟ್ರದಲ್ಲಿ ಮಾಟಮಂತ್ರ ಮತ್ತು ಅಮಾನುಷ ಪದ್ಧತಿಗಳ ವಿರುದ್ಧ ಕಾಯ್ದೆ ಬಂತು. ತನ್ನ ಮೈಮೇಲೆ ಅಗೋಚರ ಶಕ್ತಿ ಬಂದಿದೆಯೆಂದು ಸಾರಿ, ತನ್ನ ಮಾತು ಕೇಳದಿದ್ದರೆ ಕೇಡಾಗುವುದೆಂದು ಬೆದರಿಸುವುದು ಅದರಡಿ ಅಪರಾಧ. ಶಿಕ್ಷೆ 6 ತಿಂಗಳಿಂದ 7 ವರ್ಷದವರೆಗೆ.

ಹಾಗೆಂದು ಕಾನೂನು ಜಟೆಯ ವೈರಿಯಲ್ಲ. ವಯಸ್ಸಿಗೆ ಬಂದವರು ವೈರಾಗ್ಯದಿಂದಲೋ ಶೋಕಿಯಿಂದಲೋ ಜಟೆ ಬಿಟ್ಟರೆ ಅದು ಅವರ ಶ್ರದ್ಧೆಗೆ, ದೇಹಕ್ಕೆ ಸಂಬಂಧಿಸಿದ ಸ್ವಾತಂತ್ರ್ಯ. ಆಕೆ ಒಲ್ಲೆನೆಂದರೂ ಹಿಡಿದು ಕತ್ತರಿಸುವುದು, ಎಷ್ಟೇ ಸದುದ್ದೇಶದಿಂದಾದರೂ, ಸ್ವತಃ ಅಪರಾಧವಾಗಬಲ್ಲದು. ಎಂಟು ವರ್ಷದ ಮಗುವಿನ ವಿಷಯ ಬೇರೆ. ಆ ಜಟೆಯನ್ನು ಆರಿಸಿಕೊಂಡದ್ದು ಮಗುವಲ್ಲ. ಅದರ ಹೆಸರಿನಲ್ಲಿ ಮುಂದೆ ಬರುವ ಬಾಳನ್ನು ಆರಿಸಿಕೊಳ್ಳುವ ಶಕ್ತಿಯೂ ಮಗುವಿಗಿಲ್ಲ.

ಶಾಲೆಗೂ ಇಲ್ಲಿ ಎರಡು ಹೊಣೆಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಗುವನ್ನು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವುದನ್ನು ತಡೆಯುತ್ತದೆ. ಅದರ 17ನೆಯ ಕಲಮು ಹೊಡೆತದೊಡನೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಜಟೆಯ ಮಗುವನ್ನು ಕೊನೆಯ ಸಾಲಿನಲ್ಲಿ ಬೇರೆ ಕೂರಿಸುವುದು, ಪ್ರಾರ್ಥನೆಯ ವೇಳೆಯಲ್ಲಿ ಎಲ್ಲರೆದುರು ಗದರಿಸುವುದು, ಕತ್ತರಿ ತೋರಿಸಿ ಹೆದರಿಸುವುದು ಶಿಸ್ತಿನ ಹೆಸರಿನಲ್ಲಿ ನಡೆಯಕೂಡದು. ಹಾಗೆಯೇ, ಅದು ಮನೆಯವರ ನಂಬಿಕೆಯೆಂದು ಕಣ್ಣು ಮುಚ್ಚಿಕೊಳ್ಳುವುದೂ ಸಲ್ಲದು. ಮಗು ಹುಣ್ಣಿಮೆ ಹುಣ್ಣಿಮೆಗೆ ಶಾಲೆ ತಪ್ಪಿಸುತ್ತಿದ್ದರೆ, ಕೊರಳಿಗೆ ಮುತ್ತು ಬೀಳುವ ಮಾತು ಕೇಳಿಬಂದರೆ, 1098 ಎಂಬ ಮಕ್ಕಳ ಸಹಾಯವಾಣಿಗೆ ತಿಳಿಸುವುದು ಶಿಕ್ಷಕರ ಮತ್ತು ನೆರೆಯವರ ಧರ್ಮ.

ಇಷ್ಟಕ್ಕೆ ಹೋಗದಂತೆ ಮೊದಲೇ ತಡೆಯುವುದು ಸುಲಭ. ಹೊಸ ಗಂಟಿಗೆ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ ಕೆಲವು ಗಂಟೆ ಬಿಡಬೇಕು. ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಆರಂಭಿಸಿ ಸ್ವಲ್ಪಸ್ವಲ್ಪವಾಗಿ ಬುಡದ ಕಡೆಗೆ ಬರಬೇಕು. ಬುಡದಿಂದ ಎಳೆದರೆ ಗಂಟು ಬಿಗಿಯುತ್ತದೆ, ಮಗು ಅಳುತ್ತದೆ, ಮರುದಿನ ತಲೆ ಕೊಡುವುದಿಲ್ಲ. ಹೇನಿದ್ದರೆ ಅದಕ್ಕೆ ಔಷಧ ಬೇಕು. ಗಂಟು ಹಳೆಯದಾಗಿ ಗಟ್ಟಿಯಾಗಿದ್ದರೆ ಕತ್ತರಿಯೇ ದಾರಿ. ಕೆಳಗಿನ ಚರ್ಮದಲ್ಲಿ ಹುಣ್ಣು, ಕೀವು, ವಾಸನೆ ಇದ್ದರೆ ವೈದ್ಯರಿಗೆ ತೋರಿಸಿ ಆಮೇಲೆ ತೆಗೆಸಬೇಕು. ಅಜ್ಜಿಯ ಮನಸ್ಸಿಗೆ ಸಮಾಧಾನವಾಗಲೆಂದು ದೇವಿಗೆ ಕಾಯಿ ಒಡೆದು ಕತ್ತರಿ ಹಿಡಿದರೂ ತಪ್ಪಿಲ್ಲ. ಪೂಜೆಯಿಂದ ಮಗುವಿಗೆ ಹಾನಿಯಿಲ್ಲ, ಭಯದಿಂದ ಇದೆ.

ಕೂದಲು ಕತ್ತರಿಸಿದ ಮೇಲೆ ಕೆಲವು ದಿನ ಮನೆಯಲ್ಲಿ ಯಾರಿಗೆ ಶೀತವಾದರೂ, ಎಮ್ಮೆ ಹಾಲು ಕಡಿಮೆ ಕೊಟ್ಟರೂ ಬೆರಳು ಮಗುವಿನ ಕಡೆಗೇ ತಿರುಗುತ್ತದೆ. ಜಟೆ ತೆಗೆಯುವುದಕ್ಕಿಂತ ಕಠಿಣವಾದದ್ದು ಆ ದಿನಗಳನ್ನು ದಾಟುವುದು. ತಂದೆ ಮಗುವಿನ ಪಕ್ಕದಲ್ಲಿ ನಿಂತು, ಇದನ್ನು ತೆಗೆಸಿದವನು ನಾನು, ಹೊಣೆಯೂ ನನ್ನದೇ ಎಂದು ಮನೆಮಂದಿಯ ಮುಂದೆ ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಉಳಿದರ್ಧವನ್ನು ತರಗತಿಯ ಗೆಳತಿಯರು, ಶಿಕ್ಷಕರು ಮಗುವನ್ನು ಎಂದಿನಂತೆ ಪಕ್ಕದಲ್ಲಿ ಕೂರಿಸಿಕೊಂಡು ಇಳಿಸಬಲ್ಲರು.