ಗಿದ್ಯೋನನ ಕಹಳೆಯೂ ಕಂಪ್ಯೂಟರಿನ ಸುಳ್ಳು ದನಿಯೂ



ಯುದ್ಧದಲ್ಲಿ ಶತ್ರುವಿಗೆ ರೇಡಿಯೋದಲ್ಲಿ ಸುಳ್ಳು ಹೇಳುವುದು ಪಾಪವೇ ಎಂದು ಕೇಳಿದರೆ ಹಲವರು ಗಿದ್ಯೋನನನ್ನು ತೋರಿಸುತ್ತಾರೆ. ಅವನ ಬಳಿ ಇದ್ದವರು 300 ಜನ. ಕಹಳೆ, ಮಡಕೆ, ಪಂಜುಗಳಿಂದಲೇ ಮಿದ್ಯಾನ್ಯರನ್ನು ದಿಕ್ಕೆಡಿಸಿದರು. 1944ರಲ್ಲಿ ಮಿತ್ರರಾಷ್ಟ್ರಗಳೂ ಹೀಗೇ ಮಾಡಿದವು. ಇಲ್ಲದ ಸೈನ್ಯವೊಂದರ ರೇಡಿಯೋ ಸಂದೇಶಗಳನ್ನು ಇಂಗ್ಲೆಂಡಿನಿಂದ ಹರಿಯಬಿಟ್ಟು, ದಾಳಿ ಕ್ಯಾಲೆಯಲ್ಲಿ ಎಂದು ಜರ್ಮನರನ್ನು ನಂಬಿಸಿ, ನಾರ್ಮಂಡಿಯಲ್ಲಿ ಇಳಿದವು. ಇಂಥ ಯುದ್ಧತಂತ್ರವನ್ನು ನಾವು ತಪ್ಪೆನ್ನುವುದಿಲ್ಲ.

ಆದರೆ ಅದೇ ನೆಪದಲ್ಲಿ ಕಂಪ್ಯೂಟರಿನ ಎಲ್ಲ ಸುಳ್ಳನ್ನೂ ಒಪ್ಪಿಕೊಳ್ಳಿ ಎಂದರೆ ಒಪ್ಪಲಾರೆವು. ಅಂದು ಅಮೆರಿಕದ 'ಘೋಸ್ಟ್ ಆರ್ಮಿ'ಯ ಆಪರೇಟರುಗಳು ಇನ್ನೊಬ್ಬರು ಮೋರ್ಸ್ ಬಡಿಯುವ ರೀತಿಯನ್ನು ಕಿವಿಗೊಟ್ಟು ಕೇಳಿ ಕಲಿಯಬೇಕಿತ್ತು. ಇಂದು ಒಬ್ಬರ ದನಿಯ ಚಿಕ್ಕ ರೆಕಾರ್ಡಿಂಗ್ ಸಿಕ್ಕರೆ ಸಾಕು, ಅವರು ಆಡದ ಮಾತನ್ನು ಕಂಪ್ಯೂಟರು ಅವರದೇ ದನಿಯಲ್ಲಿ ಆಡುತ್ತದೆ. 2022ರ ಮಾರ್ಚ್‌ನಲ್ಲಿ ಯುಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ತಮ್ಮ ಸೈನಿಕರಿಗೆ ಶಸ್ತ್ರ ಕೆಳಗಿಡಿ ಎನ್ನುವ ನಕಲಿ ವಿಡಿಯೋ ಹರಿದಾಡಿತು. ಕೆಲಸ ಒರಟಾಗಿತ್ತು, ಬೇಗ ಸಿಕ್ಕಿಬಿತ್ತು. ಮುಂದಿನದು ಅಷ್ಟು ಸುಲಭವಾಗಿ ಸಿಕ್ಕಿಬೀಳಲಿಕ್ಕಿಲ್ಲ.

ಹಾಗಾದರೆ ಗೆರೆ ಎಲ್ಲಿ? ಜಿನೀವಾ ಒಪ್ಪಂದಗಳ 1977ರ ಮೊದಲ ಪ್ರೊಟೋಕಾಲ್ ಅದನ್ನು ಎಳೆದಿದೆ. ಶತ್ರುವನ್ನು ದಾರಿತಪ್ಪಿಸಬಹುದು. ಶರಣಾದಂತೆ ನಟಿಸಿ ಕೊಲ್ಲುವುದು ದ್ರೋಹ. ರೆಡ್ ಕ್ರಾಸ್ ಲಾಂಛನದ ದುರ್ಬಳಕೆಗೂ ನಿಷೇಧವಿದೆ.

ಒಳ್ಳೆಯ ಕೆಲಸದಲ್ಲೂ ಈ ಗೆರೆ ದಾಟಿಹೋಗುತ್ತದೆ. 2008ರ ಜುಲೈ 2ರಂದು ಕೊಲಂಬಿಯಾದ ಸೇನೆ ಬಂಡುಕೋರರ ರೇಡಿಯೋ ಸಂಪರ್ಕದೊಳಗೆ ನುಸುಳಿ, ಅವರ ನಾಯಕರ ಹೆಸರಿನಲ್ಲಿ ಆದೇಶ ಕೊಟ್ಟು, ಒಂದು ಗುಂಡೂ ಹಾರಿಸದೆ 15 ಒತ್ತೆಯಾಳುಗಳನ್ನು ಬಿಡಿಸಿತು. ಅದಕ್ಕೆ ದೇವರಿಗೆ ಸ್ತೋತ್ರ. ಆದರೆ ಆ ತಂಡದ ಒಬ್ಬರು ರೆಡ್ ಕ್ರಾಸ್ ಲಾಂಛನ ತೊಟ್ಟಿದ್ದರು. ಅಧ್ಯಕ್ಷ ಉರಿಬೆ ಕ್ಷಮೆ ಕೇಳಬೇಕಾಯಿತು. ಯಾಕೆ? ನಾಳೆ ನಿಜವಾದ ರೆಡ್ ಕ್ರಾಸ್ ಬಂದಾಗ ಯಾರೂ ನಂಬದಿದ್ದರೆ ಸಾಯುವವನು ಗಾಯಾಳು. ರೇಡಿಯೋದಲ್ಲಿ "ಕಾಪಾಡಿ", "ಶರಣು" ಎನ್ನುವ ಕೂಗಿನ ಗತಿಯೂ ಇದೇ. ಯಂತ್ರ ಅದನ್ನು ಒಮ್ಮೆ ನಕಲು ಮಾಡಿ ಕೊಂದರೆ, ನಿಜವಾಗಿ ಕೂಗಿದವನ ಮೇಲೂ ಗುಂಡು ಬೀಳುತ್ತದೆ.

ಕುರಿಗಳು ಕುರುಬನ ಸ್ವರವನ್ನು ಗುರುತಿಸುತ್ತವೆ ಎಂದು ಯೇಸುಸ್ವಾಮಿ ಕಲಿಸಿದರು. ಸ್ವರದ ಮೇಲಿನ ಆ ನಂಬಿಕೆಯನ್ನು ಕೊಲ್ಲುವ ಕೆಲಸಕ್ಕೆ ನಾವು ಕೈಹಾಕಬಾರದು. ನಮ್ಮ ನಡುವೆ ಬಿಎಸ್ಸಿ, ಬಿಸಿಎ ಓದುವವರು ಅನೇಕರಿದ್ದೇವೆ. ಇಂಥ ಪ್ರೋಗ್ರಾಂ ಬರೆಯುವ ಕೆಲಸ ನಾಳೆ ನಮ್ಮ ಮೇಜಿಗೇ ಬರಬಹುದು. ಹೊಟ್ಟೆಪಾಡು ಎಂದು ತಲೆಯಾಡಿಸುವುದು ಬೇಡ. ಆಗುವುದಿಲ್ಲ ಎನ್ನೋಣ.