ಸೂಜಿಗೂ ಮೊದಲು ಒಂದು ಮಾತು

ನಮ್ಮ ಹಳ್ಳಿಗಳಲ್ಲಿ ಲಸಿಕೆ ಹಾಕಿಸಿಕೊಂಡ ಮಗುವಿಗೆ ಜ್ವರ ಬಂದರೆ ಆಶಾ ಕಾರ್ಯಕರ್ತೆಯ ಮನೆ ಎಲ್ಲರಿಗೂ ಗೊತ್ತು. ಕಲಾಸಿಪಾಳ್ಯದ ಬಸ್ ನಿಲ್ದಾಣದ ಸುತ್ತ ಮೂಟೆ ಹೊತ್ತು, ಗಾಡಿ ತಳ್ಳಿ ಬದುಕುವ ಎಷ್ಟೋ ಮಂದಿ ಬಾಡಿಗೆ ಕೋಣೆಯವರು. ರಾತ್ರಿ ಮಗು ಅತ್ತರೆ ಯಾರನ್ನು ಕೇಳುವುದು?

6, 10, 14ನೇ ವಾರಕ್ಕೆ ಕೊಡುವ ಪೆಂಟಾವೆಲೆಂಟ್ ಲಸಿಕೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗ ತಡೆಯುತ್ತದೆ. ಹಾಕಿಸಿದ ಮೇಲೆ ಜ್ವರ, ತೊಡೆ ಊತ ಡಾಕ್ಟರಿಗೆ ಮಾಮೂಲಿ. ಮೊದಲೇ ಯಾರೂ ಹೇಳದಿದ್ದರೆ ತಾಯಿಗೆ ಗಾಬರಿ. ಮರುದಿನದ ಕೂಲಿಯೂ ಹೋಯಿತು. ಅವಳು ಮುಂದಿನ ಡೋಸಿಗೆ ಬರದಿದ್ದರೆ ಅದನ್ನು ಅಜ್ಞಾನ ಎನ್ನಲು ನಾವು ಒಪ್ಪುವುದಿಲ್ಲ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ ವಾಟ್ಸಾಪ್ ವದಂತಿ ಹಬ್ಬಿದ್ದೂ ಇಂಥ ಉತ್ತರವಿಲ್ಲದ ಭಯದ ಮೇಲೆಯೇ.

ಲಸಿಕೆ ಹಾಕುವವರು ನಾಲ್ಕು ಮಾತು ಹೇಳಬೇಕೆಂದು ಸರ್ಕಾರಿ ತರಬೇತಿಯಲ್ಲೇ ಇದೆ: ಯಾವ ಲಸಿಕೆ, ಯಾವ ಕಾಯಿಲೆಗೆ, ಏನಾಗಬಹುದು, ಆದರೆ ಏನು ಮಾಡಬೇಕು, ಮತ್ತೆ ಯಾವಾಗ ಬರಬೇಕು, ಕಾರ್ಡು ಜೋಪಾನ. ಎರಡು ನಿಮಿಷ ಸಾಕು. ಸಾಲು ಉದ್ದವಾದಾಗ ಮೊದಲು ಬಿಟ್ಟುಹೋಗುವುದೂ ಇದೇ.

ಮಕ್ಕಳ ಡಾಕ್ಟರರಲ್ಲಿ ನಮ್ಮ ಕೋರಿಕೆ ಇಷ್ಟೇ. ಈ ನಾಲ್ಕನ್ನೂ ಬಿಡಬೇಡಿ. ಅದಕ್ಕೂ ಮೊದಲು, "ನಿಮಗೆ ಏನಾದರೂ ಭಯ ಇದೆಯಾ ಅಮ್ಮಾ?" ಎಂದು ಕೇಳಿ. ಕನ್ನಡವೋ ಉರ್ದುವೋ ತಮಿಳೋ, ಅವಳ ಭಾಷೆಯಲ್ಲೇ ಕೇಳಿ. ಬರದಿದ್ದರೆ ಬರುವ ನರ್ಸನ್ನು ಕರೆಯಿರಿ. ಬೈದರೆ ಇವತ್ತಿನ ಲಸಿಕೆ ಆಗಬಹುದು. ತಿಳಿಸಿ ಹೇಳಿದರೆ ಮುಂದಿನದ್ದಕ್ಕೂ ಅವಳೇ ಬರುತ್ತಾಳೆ.